ನೀರಿನ ತಳದ ಖಂಡೋಬಾ

ಮೆಂತ್ಯದ ಸೊಪ್ಪು ಸೋಸುವಾಗ ಬೆರಳಿಗೆ ಹತ್ತುವ ಆ ಕಹಿ ಹಸಿರು ವಾಸನೆ ನನಗೆ ಯಾವತ್ತೂ ದೊಡ್ಡವ್ವನ ಕೈಯ ವಾಸನೆ. ಮೊನ್ನೆ ಬೆಳಿಗ್ಗೆ ಕೋಥರೂಡಿನ ನಮ್ಮ ಅಡಿಗೆಮನೆಯಲ್ಲಿ ಹಳೆಯ ಪೇಪರ್ ಹಾಸಿಕೊಂಡು ಎಲೆ ಬಿಡಿಸುತ್ತ ಕೂತಿದ್ದೆ. ಖಡಕಿಯ ದವಾಖಾನೆಯಿಂದ ದೊಡ್ಡವ್ವನ ಮಗ ಮಲ್ಲಣ್ಣನ ಫೋನ್ ಬಂತು. "ಶಾಂತಾ, ಅವ್ವ ಹೋದಳವಾ," ಎಂದ. "ತ್ರಾಸ ಏನೂ ಆಗಲಿಲ್ಲ. ಮುಂಜಾನೆ ಚಹಾ ಬೇಡಿದಳು, ಎರಡು ಗುಟುಕು ಕುಡದು ಹಂಗ ಮಲಕೊಂಡಳು." ಆ ಎರಡು ಗುಟುಕು ಚಹಾಕ್ಕಾಗಿ ದೇವರಿಗೆ ಕೈ ಮುಗಿದೆ. ಮುಗಿದ ಕೈ ಹಾಗೇ ನಿಂತಿತು. ದೇವರ ಗೂಡಿನಲ್ಲಿ, ತಾಮ್ರದ ಚರಿಗೆಯ ನೀರಿನ ತಳದಲ್ಲಿ, ನನ್ನ ಹಿತ್ತಾಳೆಯ ಖಂಡೋಬಾ ದೇವರು ಮುಳುಗಿ ಕೂತಿದ್ದ. ದೊಡ್ಡವ್ವ ಗುಣವಾಗಿ ಮನೆಗೆ ಬರುವವರೆಗೆ ತೆಗೆಯುವುದಿಲ್ಲವೆಂದು ಹಟ ಹಿಡಿದು ಅವನನ್ನು ಅಲ್ಲಿ ಇಟ್ಟವಳು ನಾನೇ.

ಹಾಗೆ ಇಡಬಾರದೆಂದು ನಮಗೆ ಕಲಿಸಿದವಳೇ ದೊಡ್ಡವ್ವ. ನಾವು ಧಾರವಾಡದ ಕಡೆಯವರು. ದೊಡ್ಡಪ್ಪ ಖಡಕಿಯ ಕಾರಖಾನೆಗೆ ಸೇರಿದ, ಅವನ ಹಿಂದೆಯೇ ಅಪ್ಪನೂ ಬಂದ. ಎರಡು ಸಂಸಾರಕ್ಕೆ ಎರಡು ಕೋಣೆ, ಒಂದೇ ಒಲೆ. ಆ ಮನೆಗಳ ಸಾಲನ್ನು ಕೆಡವಿ ಎಷ್ಟೋ ಕಾಲವಾಯಿತು, ಆದರೆ ಸೀಮೆಎಣ್ಣೆ, ಸುಟ್ಟ ರೊಟ್ಟಿ, ಖಂಡೋಬಾನ ಜೇಜುರಿಯಿಂದ ತಂದ ಭಂಡಾರದ ಅರಿಶಿನ ಎಲ್ಲ ಕಲೆತ ಅದರ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ. ಅಂಗೈಯಗಲದ ಹಿತ್ತಾಳೆಯ ಖಂಡೋಬಾ ಒಲೆಯ ಪಕ್ಕದ ಹಲಗೆಯ ಮೇಲೆ, ಉಪ್ಪಿನ ಭರಣಿಯ ಮಗ್ಗುಲಲ್ಲಿ ಇರುತ್ತಿದ್ದ. ದೊಡ್ಡವ್ವನಿಗೆ ಮಂತ್ರ ಬರುತ್ತಿರಲಿಲ್ಲ. ಕಾರಖಾನೆಯ ಭೋಂಗಾ ಕೂಗುವ ಹೊತ್ತಿಗೆ ಅವನ ಹಣೆಗೆ ಅರಿಶಿನ ಹಚ್ಚಿ, ಅಂದಿನ ಅಡಿಗೆ ಏನೆಂದು ಹೇಳುವುದೇ ಅವಳ ಪೂಜೆ. "ಇವತ್ತ ಮೆಂತೆ ಪಲ್ಯಾ ನೋಡಪಾ. ಕಹಿ ಅಂತ ಮಾರಿ ಸಿಂಡರಿಸಬ್ಯಾಡ, ಈ ಹುಡುಗೂರಂಗ." ನಾವು ಕಿಸಿಕಿಸಿ ನಗುತ್ತಿದ್ದೆವು.

ಒಮ್ಮೆ ಅಪ್ಪನಿಗೆ ಹೊಟ್ಟೆಯ ಆಪರೇಷನ್ ಆಗಿ ಜ್ವರ ಇಳಿಯಲೊಲ್ಲದಾಯಿತು. ಪಕ್ಕದ ಮನೆಯ ಮರಾಠಿ ಕಾಕು ಅವ್ವನಿಗೆ ಉಪಾಯ ಹೇಳಿದಳು: ದೇವರನ್ನು ನೀರಿನಲ್ಲಿ ಮುಳುಗಿಸಿಡು, ಉಸಿರುಗಟ್ಟಿದರೆ ತಾನಾಗಿ ಕೆಲಸ ಮಾಡುತ್ತಾನೆ. ಅವರಲ್ಲಿ ಅದು ಹಿಂದಿನಿಂದ ಬಂದ ಪದ್ಧತಿ. ಅವ್ವ ಅಳುತ್ತಲೇ ಹಾಗೆ ಮಾಡಿದಳು. ದವಾಖಾನೆಯಿಂದ ಬಂದ ದೊಡ್ಡವ್ವ ಚಪ್ಪಲಿ ಬಿಡುತ್ತಲೇ ನೋಡಿದಳು.

"ಏನವಾ ಇದು?"

"ನಮ್ಮ ಮಾತು ಕೇಳಬೇಕಲ್ಲ ಅಕ್ಕಾ ಅಂವಾ."

"ನೀರಾಗ ಮುಳುಗಿದಾಂವಗ ನಿನ್ನ ಮಾತು ಹ್ಯಾಂಗ ಕೇಳಸತದ, ಹುಚ್ಚಿ?" ಎಂದವಳು ಅವನನ್ನು ಎತ್ತಿ, ಕೂಸಿನ ತಲೆ ಒರೆಸುವ ಹಾಗೆ ಸೆರಗಿನಿಂದ ಒರೆಸಿ, ಒಲೆಯ ಕಾವಿಗೆ ಹಿಡಿದಳು. "ನಿನ್ನೆಲ್ಲಾ ನಮ್ಮ ಜೋಡಿ ದವಾಖಾನ್ಯಾಗ ಕೂತು ಅವನೂ ದಣದಾನ. ಮನಿಗೆ ಬಂದರ ಥಣ್ಣೀರೇನು?"

ಅಪ್ಪ ಗುಣವಾಗಿ ಬಂದ. ದೊಡ್ಡವ್ವ ಅದನ್ನು ತನ್ನ ಗೆಲುವೆಂದು ಹೇಳಿಕೊಳ್ಳಲಿಲ್ಲ. ಮುಂದೆ ದೊಡ್ಡಪ್ಪ ತೀರಿಕೊಂಡಾಗ ಗೆದ್ದವರು ಯಾರೂ ಇರಲಿಲ್ಲ. ಆಗ ಅವಳು ಎಷ್ಟೋ ದಿನ ಅರಿಶಿನವನ್ನೇನೋ ಹಚ್ಚುತ್ತಿದ್ದಳು, ಹಚ್ಚಿ, "ನಿನ್ನ ಜೋಡಿ ನನ್ನ ಮಾತಿಲ್ಲ, ಹೋಗು," ಎನ್ನುತ್ತಿದ್ದಳು. ಆ ಸಿಟ್ಟನ್ನೂ ಅವನಿಗೇ ಹೇಳುತ್ತಿದ್ದಳೆಂಬುದು ನನಗೆ ಹೊಳೆದದ್ದು ತೀರ ಈಚೆಗೆ. ನನ್ನ ಮದುವೆಯಲ್ಲಿ ಅಂಥದೇ ಒಂದು ಖಂಡೋಬಾ ಕೈಗಿಟ್ಟು, "ಬರೇ ಬೇಡಬ್ಯಾಡವಾ, ಮಾತಾಡಸಿಕೋತ ಇರು," ಎಂದಿದ್ದಳು. ನಾನು ಬೇಡಿದ್ದೇ ಬಂತು. ಮಕ್ಕಳ ಪರೀಕ್ಷೆ, ಇವರ ಬಡ್ತಿ, ನನ್ನ ಮೊಣಕಾಲು. ಎರಡು ಊದುಬತ್ತಿ ಹಚ್ಚಿ, ಬೇಡುವುದನ್ನು ಬೇಡಿ, ಕುಕ್ಕರ್ ಕೂಗಿತೆಂದು ಎದ್ದು ಬರುತ್ತಿದ್ದೆ.

ಹೋದ ವಾರ ದವಾಖಾನೆಯಿಂದ ದೊಡ್ಡವ್ವ ತಾನೇ ಮಾತಾಡಿದ್ದಳು. "ಒಂದ್ಸಲ ಬಂದು ಹೋಗವಾ, ನಿನ್ನ ಮಾರಿ ನೋಡಬೇಕು." ಕೋಥರೂಡಿನಿಂದ ಖಡಕಿ ಎಷ್ಟು ದೂರ? ಒಂದೇ ಊರು. ಹಾಸಿಗೆಯಲ್ಲಿ ಅವಳನ್ನು ನೋಡಲು ನನಗೆ ಧೈರ್ಯವಿರಲಿಲ್ಲ. "ದೇವರನ್ನ ನೀರಾಗ ಇಟ್ಟೀನಿ ದೊಡ್ಡವ್ವ, ನೀ ಆರಾಮ ಆಗ್ತಿ," ಎಂದುಬಿಟ್ಟೆ. "ಅಯ್ಯ ಪಾಪ. ಮೊದಲ ಅವನ್ನ ಒರಸಿಡು. ಆಮ್ಯಾಲೆ ನನ್ನ ಕಡೆ ಬಾ," ಎಂದಳು. ಅರ್ಧಕ್ಕೆ ತೆಗೆದರೆ ಅವಳಿಗೇ ಕೇಡಾದೀತೆಂದು ನಾನು ತೆಗೆಯಲಿಲ್ಲ. ಹೋಗಲೂ ಇಲ್ಲ. ಕರೆದದ್ದು ಅವಳು, ಹೊರಟು ಹೋಗಬೇಕಾದವಳು ನಾನು. ಆ ಕೆಲಸವನ್ನು ದೇವರ ತಲೆಗೆ ಕಟ್ಟಿ ನೀರಿನಲ್ಲಿಟ್ಟು ಮನೆಯಲ್ಲೇ ಕೂತೆ.

ಸಾವಿನ ಸುದ್ದಿ ಕೇಳಿದ ಮೇಲೆ ಸ್ನಾನ ಮಾಡದೆ ದೇವರನ್ನು ಮುಟ್ಟಬಾರದು. ಅದು ಗೊತ್ತಿದ್ದೂ ಚರಿಗೆಗೆ ಕೈ ಹಾಕಿದೆ. ನನ್ನ ಸ್ನಾನ ಮುಗಿಯುವಷ್ಟು ಹೊತ್ತು ಕೂಡ ಅವನು ಇನ್ನು ಆ ನೀರಿನಲ್ಲಿರುವುದು ಬೇಡವೆನಿಸಿತು. ಎಷ್ಟು ತಣ್ಣಗಿದ್ದ! ಸೆರಗಿನಿಂದ ಒರೆಸಿ, ಅರಿಶಿನ ಹಚ್ಚಿ, ಗ್ಯಾಸಿನ ಒಲೆಯ ಪಕ್ಕ ಕೂಡಿಸಿದೆ. ಅವನು ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಹಿತ್ತಾಳೆಯ ಆ ಪುಟ್ಟ ಮುಖ, ತಡವಾಗಿ ಮನೆಗೆ ಬಂದ ಮಗಳನ್ನು ದೊಡ್ಡವ್ವ ನೋಡುತ್ತಿದ್ದ ಹಾಗೆ, ಉಂಡೆಯೋ ಇಲ್ಲವೋ ಎಂದಷ್ಟೇ ಕೇಳುವಂತಿತ್ತು.

ಸಾವಾದ ಮನೆಯಲ್ಲಿ ಆ ದಿನ ಒಲೆ ಹಚ್ಚುವುದಿಲ್ಲ. ಮಲ್ಲಣ್ಣನ ಮನೆಮಂದಿಗೆ ಬುತ್ತಿ ನಾನೇ ಒಯ್ಯಬೇಕಿತ್ತು. "ಇವತ್ತ... ಮೆಂತೆ ಪಲ್ಯಾ ನೋಡಪಾ," ಎಂದೆ. ನನಗೆ ರೂಢಿಯಿಲ್ಲದ ಮಾತು. ಬೇರೇನೂ ಬೇಡಲಿಲ್ಲ. ಸ್ನಾನ ಮುಗಿಸಿ ಬಂದು, ಉಳಿದ ಸೊಪ್ಪನ್ನು ಮುಂದೆ ಎಳೆದುಕೊಂಡು ಸೋಸಲು ಕೂತೆ.