ದುಕಾನು ಮುಚ್ಚಿದ ಮೇಲೆ ಹಣಮವ್ವ

ಆ ಪೇಪರ್ ಮಡಚಿ ಇಡು ಮಗಾ, ನೀನು ಕೇಳಿದ್ದಕ್ಕೆ ಅದರಲ್ಲಿ ಉತ್ತರ ಸಿಗುವುದಿಲ್ಲ. ಗಾಂಜಾಕ್ಕೆ ಸರ್ಕಾರ ಪರವಾನಗಿ ಕೊಟ್ಟರೆ ಕಳ್ಳತನ, ಹೊಡೆದಾಟ ಕಡಿಮೆಯಾಗುತ್ತವೆಯೇ ಎಂದು ಬರೆದವರು ಯಾರೂ ಘತ್ತರಗಿಯ ಹಣಮವ್ವನನ್ನು ಕಂಡವರಲ್ಲ. ಪರವಾನಗಿ ಇದ್ದ ಕಾಲವನ್ನೂ ಅದು ಹೋದ ಕಾಲವನ್ನೂ ಒಂದೇ ಒಲೆಯ ಮುಂದೆ ಕೂತು ಉಂಡವಳು ಅವಳು. ಆ ದಿಂಬು ಇತ್ತ ಸರಿಸು, ಹೇಳುತ್ತೇನೆ.

ಹಣಮವ್ವ ಉಣ್ಣೆ ನೂಲುತ್ತಿದ್ದಳು, ಗಂಡ ಬೀರಲಿಂಗಪ್ಪ ಕಂಬಳಿ ನೇಯುತ್ತಿದ್ದ. ಅವಳ ನೂಲಿನ ಬಿಗಿ ಎಂಥದ್ದೆಂದರೆ ಹೊಸ ಕಂಬಳಿಯನ್ನು ನೆಲದ ಮೇಲೆ ನಿಲ್ಲಿಸಿದರೆ ನಿಂತೇ ಇರುತ್ತದೆ ಎಂದು ಜನ ನಗುತ್ತಿದ್ದರು. ಅಂಚಿಗೆ ಒಂದು ಎಳೆ ಕೆಂಪು ಸೇರಿಸುವುದು ಅವಳ ರೂಢಿ. ಮಾತೂ ಅಷ್ಟೇ ಬಿಗಿ. ಕುರಿಗಳಿಗೆ ಮಾತ್ರ ‘ಬರ್ರಿ, ಹೋಗ್ರಿ’ ಎನ್ನುವಳು, ಗಂಡನಿಗೆ ಆ ಮರ್ಯಾದೆ ಇರಲಿಲ್ಲ.

ದಿನವೆಲ್ಲ ಮಗ್ಗದ ಕುಣಿಯಲ್ಲಿ ಕೂತು ಬೀರಲಿಂಗಪ್ಪನ ಬೆನ್ನು ಹಿಡಿದುಹೋಗುತ್ತಿತ್ತು. ಸಂಜೆ ಒಂದು ಚಿಲುಮೆ ಸೇದುವನು. ನಿಜಾಮರ ಕಾಲದಲ್ಲಿ ಅದೇನೂ ಗುನ್ಹೆಯಲ್ಲ. ಸಂತೆಯ ಬೀದಿಯಲ್ಲಿ ಶರಫುದ್ದೀನ ಎಂಬ ಮುದುಕ ಪರವಾನಗಿ ಪಡೆದು ಗಾಂಜಾ ದುಕಾನು ನಡೆಸುತ್ತಿದ್ದ. ತೂಗಿ, ಮುತ್ತುಗದ ಎಲೆಯಲ್ಲಿ ಕಟ್ಟಿ ಕೊಡುತ್ತಿದ್ದ. ಬಾಗಿಲ ಪಕ್ಕದಲ್ಲಿ ಒಂದು ಹಗ್ಗ ಇಳಿಬಿಟ್ಟಿದ್ದ. ಗಂಡನ ಸೇದಾಟ ಅತಿಯಾಯಿತು ಎನಿಸಿದ ಹೆಂಗಸು ತನ್ನ ಹಳೆಯ ಸೀರೆಯ ಚೂರು ಹರಿದು ಆ ಹಗ್ಗಕ್ಕೆ ಕಟ್ಟಿ ಬರುವಳು. ಅವಳೇ ಬಂದು ಬಿಚ್ಚುವ ತನಕ ಆ ಮನೆಯ ಗಂಡಸಿಗೆ ಒಂದು ಚಿಟಿಕೆಯೂ ಸಿಗುತ್ತಿರಲಿಲ್ಲ. ಇದು ಸರ್ಕಾರದ ಕಾಯ್ದೆಯಲ್ಲ. ಹೆಂಗಸರು ಬಂದು ಬೈಯುವುದನ್ನು ತಾಳಲಾರದೆ ಮುದುಕ ತಾನೇ ಹೂಡಿದ ಉಪಾಯ.

ಹಣಮವ್ವನ ಚೂರು ಹಗ್ಗದಲ್ಲಿ ಇಲ್ಲದ ತಿಂಗಳೇ ಅಪರೂಪ. ಬೀರಲಿಂಗಪ್ಪ ಹೋಗಿ ಜಗಳ ತೆಗೆಯುವನು.

“ಚಾಚಾ, ಈ ದುಕಾನಿಗಿ ಮಾಲಕ ನೀನೋ, ನನ್ನ ಹೇಣ್ತಿಯೋ?”

“ನಿನ್ನ ಮನಿಗಿ ನೀ ಮಾಲಕ ಆದ ದಿನ ಬಾ, ನಾನೂ ಇಲ್ಲಿ ಮಾಲಕ ಆಗ್ತೇನಿ.”

ನಲವತ್ತೇಳರ ಮಳೆಗಾಲ ಕಳೆಯುವಷ್ಟರಲ್ಲಿ ಭೀಮೆಯ ಆ ದಂಡೆ ಹಿಂದೂಸ್ತಾನ, ಈ ದಂಡೆ ನಿಜಾಮರದು ಎಂದಾಯಿತು. ನಡುವೆ ಪೋಲೀಸ ನಾಕಾ ಕೂತಿತು. ಊರೂರಲ್ಲಿ ಗಲಾಟೆ, ದುಕಾನಿಗೆ ಮಾಲು ಬರುವುದು ನಿಂತಿತು. ಶರಫುದ್ದೀನ ಬೀಗ ಹಾಕಿ ಆಳಂದದ ತನ್ನ ಮಗಳ ಮನೆಗೆ ಹೋದ. ಹಣಮವ್ವ ಅಂದು ಊರ ದೇವಿ ಭಾಗ್ಯವಂತಿಗೆ ಕಾಯಿ ಒಡೆಸಿದಳು. ಪೀಡೆ ತೊಲಗಿತು ಎಂದೇ ತಿಳಿದಳು ಪಾಪ.

ದುಕಾನು ಹೋಯಿತು, ಚಿಲುಮೆ ಹೋಗಲಿಲ್ಲ. ಆ ದಂಡೆಯಿಂದ ದತ್ತಪ್ಪ ಎಂಬವನು ಹರಿಗೋಲಿನಲ್ಲಿ ಬರತೊಡಗಿದ. ಮೆದು ಮಾತಿನವನು, ಎಲ್ಲ ಹೆಂಗಸರಿಗೂ ಅಕ್ಕ ಎನ್ನುವನು. ಗಾಂಜಾಕ್ಕೆ ಹಣ ಕೇಳುತ್ತಿರಲಿಲ್ಲ. ಕಂಬಳಿ ಮಾರುವವನ ಗಂಟನ್ನು ನಾಕಾದಲ್ಲಿ ಬಿಚ್ಚಿ ನೋಡುವುದಿಲ್ಲ, ಆ ದಂಡೆಗೆ ನನ್ನದೊಂದು ಗಂಟು ಮುಟ್ಟಿಸಿದರೆ ಸಾಕು ಎನ್ನುವನು. ಬೀರಲಿಂಗಪ್ಪ ಒಮ್ಮೆ ಮುಟ್ಟಿಸಿದ. ಆಮೇಲೆ ಬೇಡ ಎನ್ನುವ ಬಾಯಿ ಅವನಿಗೆ ಉಳಿಯಲಿಲ್ಲ.

ಊರ ರೀತಿಯೇ ಬದಲಾಗುತ್ತ ಬಂತು. ಮಠದ ಹಿತ್ತಾಳೆ ಕೊಪ್ಪರಿಗೆ ಕಾಣೆಯಾಯಿತು. ರೇವಣಪ್ಪನ ಎಮ್ಮೆ ಹೋಯಿತು. ಹುಡುಕಲು ಹೊಳೆಯತ್ತ ಹೋದ ರೇವಣಪ್ಪ ಕೈ ಮುರಿದುಕೊಂಡು ಬಂದ, ಯಾರು ಎಂದು ಕೇಳಿದರೆ ಜಾರಿ ಬಿದ್ದೆ ಎಂದ. ಒಂದು ದಿನ ಬೀರಲಿಂಗಪ್ಪ ಮನೆಯೊಳಗೆ ಗಂಟು ಇಳಿಸಿದಾಗ ಸದ್ದಾಯಿತು. ಉಣ್ಣೆ ಸದ್ದು ಮಾಡುವುದಿಲ್ಲ ಮಗಾ. ಹಣಮವ್ವ ಕೈಯಾಡಿಸಿದಳು. ಒಳಗೆ ಕಬ್ಬಿಣ, ಉದ್ದುದ್ದ, ಬಂದೂಕಿನ ನಳಿಗೆಗಳು.

ಮರುದಿನ ತನ್ನ ಎಳೆಗೂಸನ್ನು ಕಂಕುಳಲ್ಲಿ ಎತ್ತಿಕೊಂಡು ದತ್ತಪ್ಪನಿದ್ದಲ್ಲಿಗೇ ಹೋದಳು. ನನ್ನ ಗಂಡನಿಗೆ ಇನ್ನು ಕೊಡಬೇಡ, ಗಂಟೂ ಹೊರಿಸಬೇಡ ಎಂದಳು. ಅವನು ಎಲೆ ಅಡಿಕೆ ಉಗುಳಿ ನಕ್ಕ.

“ಚಾಚಾನ ಹಗ್ಗ ನನ್ನ ಹತ್ರ ಎಲ್ಲಿ ಅದ ಅಕ್ಕಾ? ಕೂಸು ಚಂದ ಅದ. ಹೊಳಿ ಕಡಿ ಕರ್ಕೊಂಡ ಬರಬ್ಯಾಡ.”

ಮನೆಗೆ ಬಂದು ಗಂಡನ ಕಾಲು ಹಿಡಿದಳು. ಅವನು ಮಗ್ಗದ ಕಡೆ ಮುಖ ಮಾಡಿ ಕೂತ, ಬಿಟ್ಟರೆ ಅವರು ಬಿಡುವುದಿಲ್ಲ ಎಂದಷ್ಟೇ ಹೇಳಿದ. ಅಂದು ಅವಳಿಗೆ ಒಂದೇ ದಾರಿ ಕಂಡಿತು. ಗಂಡ ಹೊಳೆಯಲ್ಲಿ ಹೆಣವಾಗುವುದಕ್ಕಿಂತ ಕಲಬುರ್ಗಿಯ ಜೇಲಿನಲ್ಲಿ ಜೀವಂತ ಇರಲಿ. ಮಟಮಟ ಮಧ್ಯಾಹ್ನ, ಕೂಸನ್ನು ಅಂಗಳದ ತೊಟ್ಟಿಲಲ್ಲಿ ಮಲಗಿಸಿ ನಾಕಾಕ್ಕೆ ನಡೆದಳು. ಗಂಟು ಯಾವುದು, ಹೊರಡುವ ಹೊತ್ತು ಯಾವುದು, ಎಲ್ಲ ಹೇಳಿದಳು. ಅಲ್ಲಿದ್ದ ಪೋಲೀಸ ಜವಾನ ಸಮಾಧಾನದಿಂದ ಕೇಳಿದ, ನಾವು ನೋಡಿಕೊಳ್ಳುತ್ತೇವೆ, ಅವನನ್ನು ಮನೆ ಬಿಟ್ಟು ಹೋಗಗೊಡಬೇಡ ಎಂದ. ತಿರುಗಿ ಹೊರಡುವಾಗ ಅವಳ ಕಣ್ಣು ಅವನ ಮಂಚದ ಮೇಲೆ ಬಿತ್ತು. ಹಾಸಿದ್ದು ಅವಳದೇ ನೂಲಿನ ಕಂಬಳಿ, ಅಂಚಿನಲ್ಲಿ ಕೆಂಪು ಎಳೆ. ಹೋದ ವಾರ ದತ್ತಪ್ಪನ ಗಂಟಿಗೆ ಸುತ್ತಿ ಕಳಿಸಿದ ಕಂಬಳಿ ಅದು.

ಓಡಿ ಬಂದಳು. ಅಂಗಳದಲ್ಲಿ ದತ್ತಪ್ಪ ಕೂತು ತೊಟ್ಟಿಲು ತೂಗುತ್ತಿದ್ದ. ಬೀರಲಿಂಗಪ್ಪ ಬಾಗಿಲಲ್ಲಿ ನಿಂತಿದ್ದ.

“ಇಂಥಾ ಬಿಸಲಾಗ ನಾಕಾ ತನಕ ಯಾಕ ನಡೆದಿ ಅಕ್ಕಾ?” ಎಂದ ದತ್ತಪ್ಪ.

ಅವಳಿಗಿಂತ ಮೊದಲು ಸುದ್ದಿ ಕುದುರೆ ಏರಿ ಬಂದಿತ್ತು. ಬೀರಲಿಂಗಪ್ಪ ಹೆಂಡತಿಯ ಮುಖ ನೋಡಿದ, ತೊಟ್ಟಿಲಿನ ಮೇಲಿದ್ದ ಆ ಕೈ ನೋಡಿದ. ತಾನಾಗಿಯೇ ಗಂಟು ಹೆಗಲಿಗೇರಿಸಿದ.

“ಕೂಸಿನ್ನ ಒಳಗ ತಗೊಂಡ ಹೋಗಬೇ,” ಎಂದ. “ನಾ ಬರ್ತೇನಿ.”

ಹರಿಗೋಲು ಆ ದಂಡೆ ಮುಟ್ಟಿದ್ದನ್ನು ಜನ ನೋಡಿದರು. ಮರಳಿ ಬಂದಾಗ ಅದರಲ್ಲಿ ದತ್ತಪ್ಪ ಒಬ್ಬನೇ ಇದ್ದ.

ನಲವತ್ತೆಂಟರಲ್ಲಿ ಹಿಂದೂಸ್ತಾನದ ದಂಡು ಬಂತು, ನಾಕಾ ಎದ್ದುಹೋಯಿತು. ಬೀರಲಿಂಗಪ್ಪ ಬರಲಿಲ್ಲ. ಅವಳು ಸಾಯುವ ತನಕ ಕುಂಕುಮ ಅಳಿಸಲಿಲ್ಲ. ದುಕಾನು ಇದ್ದಾಗ ಅವನು ಶರಣನೇನೂ ಆಗಿರಲಿಲ್ಲ, ಮಗ್ಗ ಬಿಟ್ಟು ಮಲಗಿದ ದಿನಗಳೂ ಇದ್ದವು. ಆದರೆ ಆಗ ಅವಳು ಹೋಗಿ ನಿಂತು ಜಗಳವಾಡಲು ಒಂದು ಬಾಗಿಲು ಇತ್ತು. ಇದನ್ನೂ ನಿನ್ನ ಪೇಪರಿನವರಿಗೆ ಬರೆ.

ಈಗ ಏಳು, ಚಪ್ಪಲಿ ಮೆಟ್ಟಿಕೋ. ಆ ತೊಟ್ಟಿಲ ಕೂಸಿನ ಮಗಳು ಗಂಗಾಬಾಯಿ ಚೌಡಾಪುರದಲ್ಲಿದ್ದಾಳೆ. ಅವಳ ಗಂಡ ಈಚೆಗೆ ಕೆಂಪು ಕಣ್ಣು ಮಾಡಿಕೊಂಡು, ಯಾರದೋ ಗಾಡಿಯಲ್ಲಿ ಯಾರದೋ ಚೀಲ ಸಾಗಿಸುತ್ತಿದ್ದಾನಂತೆ. ನಾಳೆ ಠಾಣೆಗೆ ಹೋಗುತ್ತೇನೆ ಎಂದು ಹೇಳಿ ಕಳಿಸಿದ್ದಾಳೆ. ಬಸ್ಸು ತಪ್ಪುವ ಮೊದಲು ಹೋಗು. ಯಾರ ಮುಂದೆಯೂ ಬಾಯಿ ಬಿಡಬೇಡ, ಮಕ್ಕಳನ್ನು ಎತ್ತಿಕೊಂಡು ಮೊದಲು ನನ್ನ ಹತ್ತಿರ ಬಾ ಎಂದು ನಾನು ಹೇಳಿದೆನೆಂದು ಅವಳಿಗೆ ಹೇಳಿ, ಅವಳನ್ನು ಕರೆದುಕೊಂಡೇ ಬಾ.