ಮೈದಾ ಅಂಟು ಹಚ್ಚಿದ ಪುಟ

ಮೊನ್ನೆ ಒಲೆಯ ಮೇಲೆ ಮೈದಾ ಅಂಟು ಕುದಿಯುತ್ತಿತ್ತು. ಆ ಹಸಿ ಹಿಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಹನುಮಂತನಗರದ ಲೈಬ್ರರಿ ಆಂಟಿ ಕಣ್ಣೆದುರು ಬಂದು ನಿಂತರು.

ನಮ್ಮ ಬೀದಿಯ ಕೊನೆಯ ಮನೆ ಅವರದು. ವರಾಂಡದಲ್ಲಿ ಕೂತು ಮಕ್ಕಳಿಗೆ ಚಿತ್ರಪುಸ್ತಕ ಕೊಡುತ್ತಿದ್ದರು. ಮಹಾ ಜೋರು. "ಕೋಡುಬಳೆ ತಿಂದ ಕೈಯಲ್ಲಿ ಪುಸ್ತಕ ಮುಟ್ಟಿದ್ರೆ ನೋಡು!" ಎಂದು ಗದರಿ, ತಾವೇ ನಮ್ಮ ಕೈ ಒರೆಸುತ್ತಿದ್ದರು. ಹೊಸ ಪುಸ್ತಕ ಬಂದರೆ ಮೊದಲು ತಾವು ಓದುವರು. ಕಥೆಯಲ್ಲಿ ಯಾರಾದರೂ ಸತ್ತರೆ ಆ ಎರಡು ಪುಟಗಳಿಗೆ ಮೈದಾ ಅಂಟು ಹಚ್ಚಿ ಸೇರಿಸಿಬಿಡುವರು. ಮಕ್ಕಳ ಮನಸ್ಸು ನೋಯಬಾರದಂತೆ!

ನನಗೆ ಏಳು ವರ್ಷವಿದ್ದಾಗ ಆಸ್ಪತ್ರೆಗೆ ಹೋದ ಅಮ್ಮ ವಾಪಸ್ ಬರಲಿಲ್ಲ. "ಅಮ್ಮ ಊರಿಗೆ ಹೋಗಿದಾಳೆ ಪುಟ್ಟಿ, ಬರ್ತಾಳೆ" ಅಂದರು ಅಪ್ಪ. ನಂಬಿದೆ. ಗೇಟು ಸದ್ದಾದಾಗಲೆಲ್ಲ ಓಡುತ್ತಿದ್ದೆ…

ಆ ದಿನಗಳಲ್ಲೇ ಆಂಟಿ ನನಗೊಂದು ಅಳಿಲಿನ ಕಥೆ ಕೊಟ್ಟರು. ತಾಯಿ ಅಳಿಲು, ಎರಡು ಮರಿ. ನಡುವೆ ಅಂಟಿಸಿದ ದಪ್ಪ ಪುಟ. ಅದರಾಚೆಗೆ ಮರಿಗಳು ಮಾತ್ರ. ಆ ಪುಟವನ್ನು ಕಿಟಕಿಯ ಬಿಸಿಲಿಗೆ ಹಿಡಿದೆ. ಒಳಗೆ ಮಸುಕಾಗಿ ತಾಯಿ ಅಳಿಲು ಮಲಗಿತ್ತು, ಮರಿಗಳು ಅದರ ಮೇಲೆ ಎಲೆ ಹೊದಿಸುತ್ತಿದ್ದವು.

ಪುಸ್ತಕ ಹಿಡಿದು ಓಡಿದೆ. "ಆಂಟಿ, ಅಳಿಲಮ್ಮ ಎಲ್ಲಿಗೆ ಹೋಯ್ತು?"

ಅವರು ನನ್ನ ಮುಖ ನೋಡಲಿಲ್ಲ. "ಊರಿಗೆ ಹೋಗಿದೆ ಕಂದ, ಬರುತ್ತೆ."

ಅಮ್ಮ ಸತ್ತಿದ್ದಾಳೆಂದು ನನಗೆ ಗೊತ್ತಾದದ್ದು ಆಗ. ಮತ್ತೆಂದೂ ಗೇಟಿಗೆ ಓಡಲಿಲ್ಲ, ಯಾರನ್ನೂ ಏನೂ ಕೇಳಲಿಲ್ಲ. ಆಂಟಿಯ ಮೇಲೆ ಎಂಥ ಸಿಟ್ಟು! ಆ ವರಾಂಡ ಮತ್ತೆ ಹತ್ತಲಿಲ್ಲ. ವರ್ಷಗಳ ಮೇಲೆ ಅವರು ತೀರಿಕೊಂಡಾಗಲೂ ಹೋಗಲಿಲ್ಲ…

ಈಗ ಜೆ.ಪಿ. ನಗರದಲ್ಲಿದ್ದೇನೆ. ಗಂಡ ತೀರಿಹೋಗಿ ಎರಡು ತಿಂಗಳು. ಆರು ವರ್ಷದ ಮಗನ ಪಾಲಿಗೆ ಮಾತ್ರ ಅಪ್ಪ ಡೆಲ್ಲಿಯಲ್ಲಿ ಕೆಲಸದ ಮೇಲಿದ್ದಾನೆ. "ಜೊತೆಗೆ ಕೂತು ಓದು, ಹೇಳೋಕೆ ಸುಲಭ ಆಗುತ್ತೆ ಕಣೇ" ಎಂದು ಗೆಳತಿಯೊಬ್ಬಳು, ಅಪ್ಪನನ್ನು ಕಳೆದುಕೊಂಡ ಆನೆಮರಿಯ ಚಿತ್ರಪುಸ್ತಕ ಕೊಟ್ಟಳು. ನಾಲ್ಕು ದಿನ ಒಬ್ಬಳೇ ಓದಿ ಅಭ್ಯಾಸ ಮಾಡಿದೆ. ಆನೆಯಪ್ಪ ಸಾಯುವ ಪುಟಕ್ಕೆ ಬಂದರೆ ಪುಸ್ತಕ ಮುಚ್ಚಿಬಿಡುತ್ತಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು… ಐದನೆಯ ದಿನ ಮೈದಾ ಡಬ್ಬಿಗೆ ಕೈ ಹಾಕಿದೆ. ಆಂಟಿಯೂ ಹೀಗೇ ಹೆದರಿದ್ದರೇನೋ. ಕೇಳೋಣವೆಂದರೆ ಅವರಿಲ್ಲ.

ಅಂಟು ಒಣಗಿದ ಮೇಲೆ ಪುಸ್ತಕವನ್ನು ಮಗನಿಗೆ ಕೊಟ್ಟೆ. ಒಂದೊಂದೇ ಪುಟ ತಿರುವಿದ. ದಪ್ಪ ಪುಟ ಬಂದಾಗ ಎದ್ದು ಬಾಲ್ಕನಿಗೆ ಹೋಗಿ, ಅದನ್ನು ಬಿಸಿಲಿಗೆ ಎತ್ತಿ ಹಿಡಿದ. ತುಂಬಾ ಹೊತ್ತು ನೋಡಿದ. ಆಮೇಲೆ ಪುಸ್ತಕ ಮುಚ್ಚಿ ನನ್ನ ಕೈಗಿಟ್ಟ.

ಏನೂ ಕೇಳಲಿಲ್ಲ.