ವಸಂತ ಮಾಮಾ ಕೊಟ್ಟ ಡಬ್ಬಿ

ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಒದ್ದೆ ಮಾಡಿಕೊಂಡು ವಸಂತ ಮಾಮಾ ಪ್ಲಾಸ್ಟಿಕ್ ಚೀಲದ ಬಾಯಿ ಬಿಡಿಸುತ್ತಿದ್ದರು. ಅದೇ ಬೆರಳಿನಿಂದ ಗಿರಾಕಿಗಳ ಕೂಸಿನ ಗಲ್ಲ ಹಿಂಡಿ, 'ಏನ ನನ್ನ ಬಂಗಾರಾ!' ಎನ್ನುತ್ತಿದ್ದರು. ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿ ಅವರದು ಔಷಧಿ ಅಂಗಡಿ. ತಾಯಂದಿರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅವರು ನನ್ನ ಅವ್ವನ ತಮ್ಮ. ಖಾನಾಪುರದ ತವರಿನಲ್ಲಿ ನನಗೆ ಹೆರಿಗೆ ನೋವು ಕಾಣಿಸಿಕೊಂಡಾಗ ಆಸ್ಪತ್ರೆಯವರೆಗೆ ಕಾರು ಓಡಿಸಿದವರು.

ಹೆರಿಗೆಯಾದ ಮೇಲೆ ನನಗೆ ಜ್ವರ ಬಿಡಲಿಲ್ಲ, ಹಾಲು ಸಾಲಲಿಲ್ಲ. ಜೊತೆಗೆ ಸ್ವಲ್ಪ ಪುಡಿಹಾಲು ಕೊಡಿ ಎಂದರು ಆಸ್ಪತ್ರೆಯಲ್ಲಿ. ನನ್ನ ಗಂಡನಿಗೆ ಚಿಕ್ಕಂದಿನಿಂದ ಚರ್ಮ ಕೆಂಪಾಗಿ ತುರಿಸುವ ಇಸಬು. ಕೂಸಿಗೂ ಬಂದೀತೆಂಬ ಹೆದರಿಕೆಯನ್ನು ಮಾಮಾನ ಮುಂದೆ ಹೇಳಿಕೊಂಡೆ. ಅವರು ಅಂಗಡಿಯಿಂದ ಬೇರೆಯೇ ಒಂದು ಪುಡಿಹಾಲಿನ ಡಬ್ಬಿ ತಂದರು.

'ಇದು ಸಾದಾ ಪುಡಿ ಅಲ್ಲವ್ವಾ. ಇದನ್ನ ಕುಡದ ಕೂಸಿಗೆ ಇಸಬು ಹತ್ತಂಗಿಲ್ಲ. ನಾ ಅದೀನಲ್ಲ, ನೀ ಯಾಕ ಚಿಂತಿ ಮಾಡ್ತಿ?'

ನಾಲ್ಕನೆಯ ತಿಂಗಳಲ್ಲಿ ಮಗನ ಗಲ್ಲ ಕೆಂಪಾಗಿ ಒಡೆಯಿತು. ಮೊಣಕೈ ಮಡಿಕೆಯಲ್ಲಿ ನೀರು ಜಿನುಗಿತು. ಕೂಸು ತಲೆಯನ್ನು ದಿಂಬಿಗೆ ಉಜ್ಜಿ ಉಜ್ಜಿ ಅಳುತ್ತಿತ್ತು.

ಮಾಮಾ ಬಂದು ನೋಡಿದರು. 'ಎದಿಹಾಲ ಕೂಡಿಸಿ ಕುಡಸಾಕ ಹತ್ತೀಯಲ್ಲ, ಅದರಿಂದನ ಇದು. ನೀ ತಿಂದದ್ದೆಲ್ಲಾ ಅದರಾಗ ಇಳಿತೈತಿ. ಬರೇ ಡಬ್ಬಿ ಹಾಕು.'

ಬಿಡಿಸಿದೆ. ಎದೆ ಕಲ್ಲಾಗಿ ನೋವೆದ್ದು, ಬತ್ತಿತು. ಇಸಬು ಹೊಟ್ಟೆಗೂ ಹರಡಿತು. ಕೊನೆಗೆ ಮಕ್ಕಳ ಡಾಕ್ಟರರ ಬಳಿ ಓಡಿದೆವು. ಆಕೆ ಕೂಸಿನ ಅಂಗಿ ಬಿಚ್ಚಿ ನೋಡಿ, 'ಇಸಬು ತಡಿತೈತಿ ಅಂತ ನಂಬೂವಂಥಾ ಡಬ್ಬಿ ಯಾವದೂ ಇಲ್ಲರಿ. ಎದಿಹಾಲ ಯಾಕ ಬಿಡಿಸಿದ್ರಿ?' ಎಂದರು. ಜಳಕದ ಮೇಲೆ ಹಚ್ಚಲು ಮುಲಾಮು ಬರೆದುಕೊಟ್ಟರು. ಅದನ್ನು ಹಚ್ಚುತ್ತ ಬಂದ ಮೇಲೆ ಮಗ ನಿದ್ದೆ ಮಾಡತೊಡಗಿದ. ಹೋದ ಹಾಲು ಮಾತ್ರ ತಿರುಗಿ ಬರಲಿಲ್ಲ.

ಮಾಮಾನಿಗೆ ಪಾಪ, ಗೊತ್ತಿರಲಿಲ್ಲವೇನೋ ಅಂದುಕೊಂಡೆ.

ಆಮೇಲೆ ಖಾನಾಪುರದಲ್ಲಿ ಚಿಕ್ಕಮ್ಮನ ಮೊಮ್ಮಗಳ ತೊಟ್ಟಿಲು ಕಾರ್ಯ. ಮಾಮಾ ಬಾಣಂತಿಯ ಪಕ್ಕ ಕುಳಿತು, ಅದೇ ಡಬ್ಬಿ ಹಿಡಿದು, ಅದೇ ಮಾತು ಹೇಳುತ್ತಿದ್ದರು. ನಾನು ಮಗನ ಅಂಗಿಯ ತೋಳು ಮೇಲೇರಿಸಿ, ಇಸಬಿನ ಕಲೆ ಉಳಿದ ಮೊಣಕೈಯನ್ನು ಮುಂದೆ ಹಿಡಿದೆ.

'ಮಾಮಾ, ಆ ಡಬ್ಬಿ ಕುಡದ ಕೂಸು ಇದು. ಅಕಿಗೆ ತೋರಸ್ರಿ.'

ಅವರು ನಾಚಲಿಲ್ಲ. 'ನಮ್ಮ ಮನಿಯಾಗಿನ ಮೊಮ್ಮಗಳಿಗೂ ಇಸಬು ಐತವ್ವಾ. ರಕ್ತದಾಗ ಬಂದದ್ದಕ್ಕ ಡಬ್ಬಿ ಏನ ಮಾಡೀತು?'

'ಅಕಿಗೂ ಇದನ್ನ ಕುಡಿಸಿದ್ರೇನು?'

'ಏ, ಇಲ್ಲ. ಅಕಿ ಅವ್ವನ ಹಾಲ ಕುಡೀತಾಳ.'

'ಮತ್ತ ನನಗ್ಯಾಕ ಕೊಟ್ರಿ?'

'ನೀ ಹೆದರಿದ್ದಿಯಲ್ಲ. ಹೆದರಿದವರ ಕೈಯಾಗ ಏನರ ಒಂದು ಕೊಡಬೇಕಾಗ್ತೈತಿ.'

ಬಾಣಂತಿ ಕೂಸನ್ನೆತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಾಮಾ ಪಂಕ್ತಿಯಲ್ಲಿ ಕುಳಿತು, ಇನ್ನೊಂದು ಹೋಳಿಗೆ ಹಾಕಿಸಿಕೊಂಡು, ತುಪ್ಪ ಕೇಳಿದರು.

ಹೋದ ವರ್ಷ ಅವರು ತೀರಿಕೊಂಡಾಗ ನಾನು ಹೋಗಲಿಲ್ಲ. 'ಕೂಸುಗೋಳಂದ್ರ ಜೀವಾ ಬಿಡತಿದ್ರು' ಎಂದು ಬಂದವರೆಲ್ಲ ಅತ್ತರಂತೆ. ಅದು ಸುಳ್ಳಲ್ಲ. ನನಗೆ ಹೇಸಿಗೆ ಹುಟ್ಟಿಸುವುದು ಅದೇ.